ಥಾಯ್ಲೆಂಡಿನಲ್ಲಿ ಹೆಂಡತಿಯ ಊರು, 18 ದಿನದ ಗಡುವು, ವಾಪಸ್ ಬಂದ ಅರ್ಜಿ: ಈಗೇನು ಮಾಡಬೇಕು?

ಪ್ರಶ್ನೆ: ನಾನು ದಾವಣಗೆರೆ ಕಡೆಯವನು, ವಯಸ್ಸು 37. ಹೆಂಡತಿ ಥಾಯ್ಲೆಂಡಿನ ಈಶಾನ್ಯ ಭಾಗದ ಇಸಾನ್ ಪ್ರದೇಶದವಳು. ಕಳೆದ ವರ್ಷ ಅವಳ ಊರಿನ ಅಂಫೋ ಕಚೇರಿಯಲ್ಲಿ (ನಮ್ಮ ತಾಲ್ಲೂಕು ಕಚೇರಿಯಂಥದ್ದು) ನಮ್ಮ ಮದುವೆ ನೋಂದಣಿ ಆಯಿತು. ಭಾರತದಿಂದಲೇ 90 ದಿನದ ನಾನ್-ಇಮಿಗ್ರಂಟ್ ‘ಓ’ ವೀಸಾ ಮಾಡಿಸಿಕೊಂಡು ಬಂದು ಅತ್ತೆಯ ಮನೆಯಲ್ಲಿದ್ದೇನೆ. ಒಂದು ವರ್ಷ ಇಲ್ಲಿ ಉಳಿಯುವ ಅನುಮತಿಗೆ ಅರ್ಜಿ ಕೊಡಲು ಹೋದರೆ ಇಮಿಗ್ರೇಷನ್ ಕಚೇರಿಯವರು ಮೂರು ಕಾರಣ ಹೇಳಿ ಹಿಂದಕ್ಕೆ ಕಳಿಸಿದರು. 4 ಲಕ್ಷ ಬಾತ್ ಹೆಂಡತಿಯ ಜೊತೆಗಿನ ಜಂಟಿ ಖಾತೆಯಲ್ಲಿದೆಯಂತೆ, ವಿದೇಶಿ ಉಳಿದಿರುವ ಮನೆಯ ವಿಳಾಸ ತಿಳಿಸಿದ್ದಕ್ಕೆ ಕೊಡುವ ಟಿಎಂ-30 ರಸೀದಿ ಇಲ್ಲವಂತೆ, ಮದುವೆ ದಾಖಲೆಯಲ್ಲಿರುವ ಹೆಸರು ಪಾಸ್‌ಪೋರ್ಟಿನಂತೆ ಇಲ್ಲವಂತೆ. ಇನ್ನು ಉಳಿದಿರುವುದು 18 ದಿನ. ಪಾಸ್‌ಪೋರ್ಟಿನ ಅವಧಿಯೂ ಇನ್ನು ವರ್ಷ ತುಂಬುವಷ್ಟಿಲ್ಲ. ಮುಂದಿನ ತಿಂಗಳು ತಂಗಿಯ ಮದುವೆಗೆ ಊರಿಗೆ ಹೋಗಲೇಬೇಕು. ಒಬ್ಬ ಏಜೆಂಟ್ ‘ದುಡ್ಡೂ ತೋರಿಸಬೇಡ, ಮನೆಯೂ ತೋರಿಸಬೇಡ, ಸೀಲ್ ಹಾಕಿಸಿಕೊಡುತ್ತೇನೆ’ ಅನ್ನುತ್ತಿದ್ದಾನೆ. ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಕಾನೂನು ಪ್ರಕಾರ ಮದುವೆಯಾದವನನ್ನು ಹೀಗೆ ಅಲೆದಾಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಈ 18 ದಿನದಲ್ಲಿ ಏನು ಮಾಡಬೇಕು ಎನ್ನುವುದು ಒಂದು, ಮದುವೆಯಾದ ಮೇಲೂ ಯಾಕೆ ಈ ಪಾಡು ಎನ್ನುವುದು ಇನ್ನೊಂದು. ಅವಸರದ್ದನ್ನು ಮೊದಲು ನೋಡೋಣ. ನೀವು ದೇಶ ಬಿಟ್ಟು ಹೊಸ ವೀಸಾ ಮಾಡಿಸಬೇಕಾಗಿಲ್ಲ, ಏಜೆಂಟನ ಕೈಗೆ ಪಾಸ್‌ಪೋರ್ಟ್ ಕೊಡಬೇಕಾಗಿಲ್ಲ. ಆದರೆ ಬ್ಯಾಂಕಿಗೆ ಇವತ್ತೇ ಹೋಗಬೇಕು, ತಪ್ಪಿದರೆ ನಾಳೆ.

ವರ್ಷದ ಅನುಮತಿಗೆ 4 ಲಕ್ಷ ಬಾತ್ ನಿಮ್ಮೊಬ್ಬರ ಹೆಸರಿನ ಥಾಯ್ ಬ್ಯಾಂಕ್ ಖಾತೆಯಲ್ಲಿ ಅರ್ಜಿಗೆ ಮುಂಚೆ ಎರಡು ತಿಂಗಳು ಇರಬೇಕು. ಜಂಟಿ ಖಾತೆಯಲ್ಲಿ ಅದು ವರ್ಷವಿಡೀ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಇವತ್ತು ನಿಮ್ಮ ಸ್ವಂತ ಖಾತೆಗೆ ಹಾಕಿದರೆ ಎರಡು ತಿಂಗಳ ಎಣಿಕೆ ಇವತ್ತಿನಿಂದ ಶುರು. ನಿಮ್ಮ ಅವಧಿ 18 ದಿನಕ್ಕೆ ಮುಗಿಯುತ್ತದೆ, ಹಾಗಾಗಿ ನೇರವಾಗಿ ವರ್ಷದ ಅರ್ಜಿ ಈಗ ಸಾಧ್ಯವಿಲ್ಲ. ಇಲ್ಲಿ ನಿಮ್ಮ ನೆರವಿಗೆ ಬರುವುದು ‘ಥಾಯ್ ಸಂಗಾತಿಯ ಭೇಟಿ’ ಕಾರಣಕ್ಕೆ ಕೊಡುವ 60 ದಿನದ ವಿಸ್ತರಣೆ. ಬಹಳ ಜನ ಇದನ್ನು ಪ್ರವಾಸಿಗಳಿಗೆ ಮಾತ್ರ ಅಂದುಕೊಂಡಿದ್ದಾರೆ. 90 ದಿನದ ‘ಓ’ ವೀಸಾದಲ್ಲಿ ಬಂದವರಿಗೂ ಇದು ಸಿಗುತ್ತದೆ. ಬ್ಯಾಂಕಿನ ಹಣ ತೋರಿಸುವ ಷರತ್ತು ಇದಕ್ಕಿಲ್ಲ. ಶುಲ್ಕ 1,900 ಬಾತ್. ಟಿಎಂ-7 ಎಂಬ ವಿಸ್ತರಣೆಯ ಅರ್ಜಿ, 4x6 ಸೆಂಟಿಮೀಟರ್ ಫೋಟೋ, ಪಾಸ್‌ಪೋರ್ಟ್ ಪ್ರತಿಗಳು, ಮದುವೆ ದಾಖಲೆ, ಹೆಂಡತಿಯ ಗುರುತಿನ ಚೀಟಿ, ಮನೆಯ ನೋಂದಣಿ ಪುಸ್ತಕ ‘ತಬಿಯೆನ್ ಬಾನ್’ ಇಟ್ಟುಕೊಂಡು ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಒಮ್ಮೆ ದೇಶದೊಳಗೆ ಬಂದರೆ ಇದು ಸಾಮಾನ್ಯವಾಗಿ ಒಂದೇ ಸಲ ಸಿಗುತ್ತದೆ. ಹಾಗಾಗಿ ಈ 60 ದಿನವನ್ನು ವ್ಯರ್ಥ ಮಾಡಿದರೆ ಮುಂದೆ ಆಸರೆ ಇಲ್ಲ.

ಲೆಕ್ಕ ನೋಡಿ. ಉಳಿದ 18 ದಿನ, ಅದಕ್ಕೆ 60 ಸೇರಿಸಿದರೆ 78. ಹಣ ಇವತ್ತು ಸ್ವಂತ ಖಾತೆಗೆ ಬಂದರೆ 62ನೇ ದಿನದ ಹೊತ್ತಿಗೆ ಎರಡು ತಿಂಗಳು ತುಂಬಿರುತ್ತದೆ. 65ನೇ ದಿನದ ಆಸುಪಾಸು ವರ್ಷದ ಅರ್ಜಿ ಕೊಡಬಹುದು, ಏನಾದರೂ ಕೊರತೆ ತೋರಿಸಿದರೂ ಸರಿಪಡಿಸಲು ಸುಮಾರು ಎರಡು ವಾರ ಕೈಯಲ್ಲಿರುತ್ತದೆ. ಬ್ಯಾಂಕಿನ ಕೆಲಸ ಹತ್ತು ದಿನ ತಡವಾದರೆ ಆ ಎರಡು ವಾರ ನಾಲ್ಕು ದಿನಕ್ಕೆ ಇಳಿಯುತ್ತದೆ. ಅದಕ್ಕೇ ಅವಸರ ಮಾಡುತ್ತಿರುವುದು.

ಖಾತೆಯಲ್ಲಿ ಸರಿಯಾಗಿ 4,00,000 ಇಡಬೇಡಿ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕವೋ ಎಸ್‌ಎಂಎಸ್ ಶುಲ್ಕವೋ ಒಂದು ದಿನ ಕಡಿತವಾಗಿ ಮೊತ್ತ 3,99,800ಕ್ಕೆ ಇಳಿದರೆ ಎರಡು ತಿಂಗಳ ಎಣಿಕೆ ಮೊದಲಿನಿಂದ ಶುರು. 4,15,000 ಇಡಿ, ಆ ಖಾತೆಗೆ ಕಾರ್ಡೇ ಬೇಡ, ದಿನಖರ್ಚಿಗೆ ಬೇರೆ ಖಾತೆ ಬಳಸಿ. ಊರಿನಿಂದ ಇನ್ನೂ ಹಣ ತರಬೇಕಿದ್ದರೆ ಒಂದು ಮಾತು. ವಿದೇಶದಲ್ಲಿ ನೆಲೆಸಿದ ಮೇಲೆ ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನಂತೆ ನಿಮ್ಮ ಸಾಮಾನ್ಯ ಉಳಿತಾಯ ಖಾತೆ ಎನ್‌ಆರ್‌ಓ (ಅನಿವಾಸಿಯ ಭಾರತದ ಆದಾಯ ಇಡುವ ಖಾತೆ) ಆಗಬೇಕು. ಎನ್‌ಆರ್‌ಓದಿಂದ ಹೊರಗೆ ಕಳಿಸಲು ತೆರಿಗೆ ಘೋಷಣೆಯ ಫಾರಂಗಳನ್ನು ಕೇಳುತ್ತಾರೆ, ಲೆಕ್ಕಪರಿಶೋಧಕರ ಸಹಿಗೆ ದಿನ ಹಿಡಿಯುತ್ತದೆ. ಎನ್‌ಆರ್‌ಇ (ಅನಿವಾಸಿಯ ವಿದೇಶಿ ಗಳಿಕೆ ಇಡುವ) ಖಾತೆಯಲ್ಲಿದ್ದ ಹಣಕ್ಕೆ ಆ ತಾಪತ್ರಯ ಇಲ್ಲ.

ಈಗ ‘ಮದುವೆಯಾದವನನ್ನು ಅಲೆದಾಡಿಸಬಹುದೇ’ ಎಂಬ ನೋವಿನ ಮಾತಿಗೆ ಬರೋಣ. ಥಾಯ್ ಕಾನೂನಿನಲ್ಲಿ ಮದುವೆಯಿಂದ ವಾಸದ ಹಕ್ಕು ಹುಟ್ಟುವುದಿಲ್ಲ. 1979ರ ವಲಸೆ ಕಾಯ್ದೆ ತಾತ್ಕಾಲಿಕ ವಾಸಕ್ಕೆ ವರ್ಷ ವರ್ಷ ಅನುಮತಿ ಕೊಡುವ ಅಧಿಕಾರವನ್ನು ಅಧಿಕಾರಿಗೆ ಬಿಟ್ಟಿದೆ. ಯಾವ ಕಾರಣಕ್ಕೆ ಯಾವ ಷರತ್ತು ಎಂಬುದನ್ನು ರಾಯಲ್ ಥಾಯ್ ಪೊಲೀಸರ 327/2557 ಸಂಖ್ಯೆಯ ಆದೇಶ ಹೇಳುತ್ತದೆ, ಅದು 2014ರದು. ಥಾಯ್ ಪ್ರಜೆಯ ಕುಟುಂಬದವನು ಎನ್ನುವುದು ಅದರಲ್ಲಿರುವ ಹಲವು ಕಾರಣಗಳಲ್ಲಿ ಒಂದು ಮಾತ್ರ. ಹತ್ತು ವರ್ಷ ಸಂಸಾರ ಮಾಡಿ ಇಬ್ಬರು ಮಕ್ಕಳಿರುವವರೂ ಹನ್ನೊಂದನೇ ವರ್ಷ ಮತ್ತೆ ಮದುವೆ ನಿಜ ಎಂದು ತೋರಿಸಲೇಬೇಕು. ಇದು ಕಠಿಣ, ಮನುಷ್ಯರ ಮನಸ್ಸಿಗೆ ನೋವಾಗುವಂಥದ್ದು. ಹಣದ ಷರತ್ತು ಕೂಡ ಥಾಯ್ ಹೆಣ್ಣನ್ನು ಮದುವೆಯಾದ ವಿದೇಶಿ ಗಂಡನಿಗೆ ಇದೆ. ಥಾಯ್ ಗಂಡನಿರುವ ವಿದೇಶಿ ಹೆಂಡತಿಗೆ ಆ 4 ಲಕ್ಷದ ಷರತ್ತು ಇಲ್ಲ. ನನ್ನ ಅಭಿಪ್ರಾಯದಲ್ಲಿ ಈ ಭೇದಕ್ಕೆ ಇವತ್ತು ಅರ್ಥವಿಲ್ಲ, ಆದರೆ ಕೌಂಟರಿನಲ್ಲಿ ಕೂತವರ ಜೊತೆ ಅದನ್ನು ವಾದಿಸಿ ಫಲವಿಲ್ಲ.

ಅಲೆದಾಟದ ನಿಜವಾದ ಮೂಲ ಬೇರೆ ಇದೆ. ಮದುವೆಯ ದಾಖಲೆ ಅಂಫೋದ್ದು, ವಿಳಾಸದ ದಾಖಲೆ ಮನೆ ಯಜಮಾನರ ಹೊಣೆ, ಹಣದ ದಾಖಲೆ ಬ್ಯಾಂಕಿನದು. ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕಾದದ್ದು ಇಮಿಗ್ರೇಷನ್ ಮೇಜಿನ ಮೇಲೆ, ತಾಳೆ ಮಾಡಿಸುವ ಕೆಲಸ ಪೂರ್ತಿ ನಿಮ್ಮದು. ನಿಮ್ಮ ಮದುವೆಯ ಮೇಲೆ ಅವರಿಗೆ ಅನುಮಾನ ಬಂದಿಲ್ಲ. ಹೆಸರು, ವಿಳಾಸ, ತಾರೀಖು ಹೊಂದಲಿಲ್ಲ, ಅಷ್ಟೇ.

ಹೆಸರಿನ ತೊಡಕು ದಕ್ಷಿಣ ಭಾರತೀಯರಿಗೆ ಹೆಚ್ಚು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರು, ಅಪ್ಪ, ಸ್ವಂತ ಹೆಸರು ಮೂರೂ ಗಿವನ್ ನೇಮ್ ಜಾಗದಲ್ಲೇ ಇರುತ್ತವೆ. ಥಾಯ್ ದಾಖಲೆಯಲ್ಲಿ ಮೊದಲ ಹೆಸರು, ಕುಲನಾಮ ಎರಡೂ ಬೇಕು. ಭಾಷಾಂತರ ಮಾಡಿದವನು ಕೊನೆಯ ಪದವನ್ನು ಕುಲನಾಮ ಮಾಡಿಬಿಡುತ್ತಾನೆ, ಬ್ಯಾಂಕಿನವನು ಮೊದಲ ಪದವನ್ನು, ಇನ್ನೊಬ್ಬ ಇನಿಷಿಯಲ್ ಬಿಟ್ಟೇ ಬಿಡುತ್ತಾನೆ. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಸೊಸೈಟಿ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರಿದ್ದಾಗ ತಾಲ್ಲೂಕು ಕಚೇರಿಯಲ್ಲಿ ಏನಾಗುತ್ತದೋ ಅದೇ ಇಲ್ಲಿ ಆಗಿರುವುದು.

ಮೊದಲು ಅಂಫೋಗೆ ಹೋಗಿ ಕೋ ರೋ 2 ದಾಖಲೆಯ ಹೊಸ ದೃಢೀಕೃತ ಪ್ರತಿ ತೆಗೆಸಿ. ಕೋ ರೋ 3 ಎನ್ನುವುದು ಕೈಗೆ ಕೊಡುವ ಮದುವೆ ಪತ್ರ. ನೋಂದಣಿಯ ಪೂರ್ತಿ ವಿವರ ಇರುವುದು ಕೋ ರೋ 2ರಲ್ಲಿ. ಇಮಿಗ್ರೇಷನ್‌ನವರು ಇದರ ಇತ್ತೀಚಿನ ಪ್ರತಿಯನ್ನು ಕೇಳುವುದೂ ಮದುವೆ ಇನ್ನೂ ಊರ್ಜಿತವಾಗಿದೆ ಎಂದು ಖಚಿತಪಡಿಸಿಕೊಳ್ಳಲು. ನಿಮ್ಮ ಪಾಸ್‌ಪೋರ್ಟ್ ಸಂಖ್ಯೆ ಅದರಲ್ಲಿ ದಾಖಲಾಗಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಹೆಸರಿನ ಕಾಗುಣಿತ ಬೇರೆಯಾದರೂ ವ್ಯಕ್ತಿ ಇವನೇ ಎಂದು ಆ ಸಂಖ್ಯೆ ಹೇಳುತ್ತದೆ, 60 ದಿನದ ಅರ್ಜಿಗೆ ಅಷ್ಟು ಸಾಕಾಗಬಹುದು. ವರ್ಷದ ಅರ್ಜಿಗೆ ಮಾತ್ರ ಗಟ್ಟಿ ಪರಿಹಾರ ಬೇಕು. ಪಾಸ್‌ಪೋರ್ಟಿನ ಥಾಯ್ ಭಾಷಾಂತರ ಮಾಡಿಸಿ, ವಿದೇಶಾಂಗ ಸಚಿವಾಲಯದ ಕಾನ್ಸುಲರ್ ಇಲಾಖೆಯ ಮುದ್ರೆ ಹಾಕಿಸಿ, ದಾಖಲೆ ತಿದ್ದುಪಡಿಗೆ ಅಂಫೋದಲ್ಲಿ ಅರ್ಜಿ ಕೊಡಿ. ಆ ಇಲಾಖೆಯ ಮುಖ್ಯ ಕಚೇರಿ ಬ್ಯಾಂಕಾಕ್‌ನ ಚೇಂಗ್ ವತ್ತನಾ ರಸ್ತೆಯಲ್ಲಿದೆ. ಅಂಫೋ ಅಧಿಕಾರಿ ತಿದ್ದಲು ಒಪ್ಪದಿದ್ದರೆ ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿಯಿಂದ ‘ಈ ಎರಡೂ ಹೆಸರು ಒಬ್ಬನೇ ವ್ಯಕ್ತಿಯವು’ ಎಂಬ ದೃಢೀಕರಣ ಕೇಳಿ, ಅದಕ್ಕೂ ಭಾಷಾಂತರ, ಸಚಿವಾಲಯದ ಮುದ್ರೆ ಎರಡೂ ಆಗಬೇಕು. ಮೊದಲ ಸಲ ಯಾವ ಥಾಯ್ ಕಾಗುಣಿತ ಬಂತೋ ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದೆ ಪ್ರತಿ ಭಾಷಾಂತರಕಾರನಿಗೂ ಅದನ್ನೇ ಕೊಡಿ. ಹೆಂಡತಿ ನಿಮ್ಮ ಹೆಸರನ್ನು ಕುಲನಾಮವಾಗಿ ತೆಗೆದುಕೊಳ್ಳುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ. ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟಿನಿಂದ ಯಾವ ಪದವನ್ನು ತೆಗೆದುಕೊಂಡರೂ ಅವರ ಗುರುತಿನ ಚೀಟಿ, ತಬಿಯೆನ್ ಬಾನ್, ಪಾಸ್‌ಪೋರ್ಟ್ ಮೂರನ್ನೂ ಬದಲಿಸಬೇಕಾಗುತ್ತದೆ.

ಮದುವೆ ಭಾರತದಲ್ಲೇ ಆದವರಿಗೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಉಪನೋಂದಣಾಧಿಕಾರಿ ಕೊಟ್ಟ ಪತ್ರವನ್ನು ನೇರವಾಗಿ ಇಮಿಗ್ರೇಷನ್‌ಗೆ ಒಯ್ದರೆ ನಡೆಯುವುದಿಲ್ಲ. ಅದಕ್ಕೆ ಭಾರತದ ವಿದೇಶಾಂಗ ಸಚಿವಾಲಯದ ದೃಢೀಕರಣ, ಥಾಯ್ ದೂತಾವಾಸದ ಮುದ್ರೆ, ಥಾಯ್ ಭಾಷಾಂತರ, ಚೇಂಗ್ ವತ್ತನಾದ ಮುದ್ರೆ ಆಗಿ, ಕೊನೆಗೆ ಅಂಫೋದಲ್ಲಿ ಕೋ ರೋ 22 ಎಂಬ ಕುಟುಂಬ ಸ್ಥಿತಿಯ ದಾಖಲೆಯಾಗಬೇಕು. ದಾಖಲೆ ವಿದೇಶದಲ್ಲಿ ನಡೆಯಲೆಂದು ಅಂಟಿಸುವ ಅಪಾಸ್ಟಿಲ್ ಎಂಬ ದೃಢೀಕರಣ ಚೀಟಿ ಒಂದನ್ನೇ ನಂಬಿ ಬ್ಯಾಂಕಾಕ್‌ವರೆಗೆ ಹೋಗಿ ವಾಪಸ್ ಬಂದವರಿದ್ದಾರೆ.

ಇನ್ನು ಟಿಎಂ-30. ಇದು ನೀವು ಕೊಡಬೇಕಾದ ಫಾರಂ ಅಲ್ಲ. ವಿದೇಶಿ ಬಂದು ಉಳಿದ 24 ಗಂಟೆಯೊಳಗೆ ಮನೆ ಯಜಮಾನರು ತಿಳಿಸಬೇಕು ಎಂದು ವಲಸೆ ಕಾಯ್ದೆಯ 38ನೇ ಕಲಂ ಹೇಳುತ್ತದೆ. ತಬಿಯೆನ್ ಬಾನ್ ಅತ್ತೆಯ ಹೆಸರಿನಲ್ಲಿದ್ದರೆ ಹೊಣೆ ಅವರದು. ಮಗಳು ಮನೆಯಲ್ಲೇ ಇರುವಾಗ ಅಳಿಯನ ವಿಷಯವನ್ನು ಪೊಲೀಸರಿಗೆ ಯಾಕೆ ಹೇಳಬೇಕು ಎಂದು ಅವರಿಗೆ ಅನಿಸಿರಬಹುದು, ಅದು ಸಹಜ. ಅತ್ತೆ ಬರಲಾಗದಿದ್ದರೆ ಅವರ ಗುರುತಿನ ಚೀಟಿಯ ಸಹಿ ಮಾಡಿದ ಪ್ರತಿ, ಅಧಿಕಾರ ಪತ್ರ, ಪುಸ್ತಕದ ಪ್ರತಿ ಹಿಡಿದು ಹೆಂಡತಿ ಹೋಗಬಹುದು. ತಡವಾದದ್ದಕ್ಕೆ ಸಾಮಾನ್ಯವಾಗಿ 800ರಿಂದ 2,000 ಬಾತ್ ದಂಡ ಬೀಳುತ್ತದೆ. ಕಟ್ಟಿ ರಸೀದಿ ತೆಗೆದುಕೊಳ್ಳಿ, ಅದರ ಮೇಲೆ ವಾದ ಬೇಡ. ಈ ರಸೀದಿ ಇಲ್ಲದೆ 60 ದಿನದ ಅರ್ಜಿಯೂ ಮುಂದೆ ಹೋಗುವುದು ಕಷ್ಟ. ಹಾಗಾಗಿ ಬ್ಯಾಂಕಿನ ಕೆಲಸದ ಮರುದಿನವೇ ಇದನ್ನು ಮುಗಿಸಿ.

ನೀವು ಕೇಳದ ಒಂದು ಸಂಗತಿಯೂ ನಿಮ್ಮ ಗಡುವಿನೊಳಗೇ ಬರುತ್ತದೆ: 90 ದಿನದ ವರದಿ. ದೇಶದೊಳಗೆ ಸತತ 90 ದಿನ ಇದ್ದವರು ಟಿಎಂ-47 ಫಾರಂನಲ್ಲಿ ವಿಳಾಸ ತಿಳಿಸಬೇಕು. ಗಡುವಿಗೆ 15 ದಿನ ಮುಂಚಿನಿಂದ 7 ದಿನ ನಂತರದವರೆಗೆ ಅವಕಾಶ, ತಪ್ಪಿದರೆ 2,000 ಬಾತ್ ದಂಡ. ಮೊದಲ ಸಲ ಖುದ್ದಾಗಿ ಹೋಗಬೇಕು, ಆಮೇಲೆ ಆನ್‌ಲೈನ್‌ನಲ್ಲೂ ಅಂಚೆಯಲ್ಲೂ ಕೊಡಬಹುದು. ಈ ವರದಿಯಿಂದ ನಿಮ್ಮ ಅವಧಿ ಒಂದು ದಿನವೂ ಹೆಚ್ಚುವುದಿಲ್ಲ. ಅದರ ಚೀಟಿಯನ್ನೇ ಅನುಮತಿ ಎಂದುಕೊಂಡು ಅವಧಿ ಮೀರಿ ಉಳಿದವರು ಪ್ರತಿ ವರ್ಷ ಸಿಗುತ್ತಾರೆ. ಅವಧಿ ಮೀರಿದರೆ ದಿನಕ್ಕೆ 500 ಬಾತ್, ಗರಿಷ್ಠ 20,000. ಮೊತ್ತ ಚಿಕ್ಕದಾಗಿ ಕಾಣಬಹುದು. ಆದರೆ 90 ದಿನ ದಾಟಿದವರು ತಾವಾಗಿ ಹೊರಟರೂ ಒಂದು ವರ್ಷ ಪ್ರವೇಶ ನಿಷೇಧ, ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕಡಿಮೆ ಅವಧಿಗೂ ಐದು ವರ್ಷ.

ತಂಗಿಯ ಮದುವೆಗೆ ಧಾರಾಳವಾಗಿ ಹೋಗಿ ಬನ್ನಿ, ಆದರೆ ಯಾವಾಗ ಎನ್ನುವುದು ಮುಖ್ಯ. 60 ದಿನದ ವಿಸ್ತರಣೆ ಪಾಸ್‌ಪೋರ್ಟಿನಲ್ಲಿ ಬಿದ್ದ ಮೇಲೆ, ವರ್ಷದ ಅರ್ಜಿ ಕೊಡುವ ಮೊದಲು ಹೋಗಬೇಕು. ನೀವು ಹೋದಾಗಲೂ ಖಾತೆಯಲ್ಲಿ ಹಣದ ದಿನ ಎಣಿಕೆ ನಡೆಯುತ್ತಲೇ ಇರುತ್ತದೆ. ಹೊರಡುವ ಮುನ್ನ ಟಿಎಂ-8 ಕೊಟ್ಟು ಮರುಪ್ರವೇಶ ಪರವಾನಗಿ ಪಡೆಯಿರಿ. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಇದಿಲ್ಲದೆ ವಿಮಾನ ಹತ್ತಿದರೆ ಇರುವ ಅನುಮತಿ ಆ ಕ್ಷಣಕ್ಕೆ ರದ್ದು. ಪ್ರವಾಸಿಯಾಗಿ ಹೊಸದಾಗಿ ಒಳಬಂದು, 2,000 ಬಾತ್ ಕೊಟ್ಟು ‘ಓ’ಗೆ ಬದಲಿಸಿಕೊಳ್ಳುವ ಉದ್ದದ ದಾರಿ ಹಿಡಿಯಬೇಕಾಗುತ್ತದೆ. ಬಂದ ಮೇಲೆ ಟಿಎಂ-30 ಮತ್ತೆ ಬೇಕೇ ಎಂದು ನಿಮ್ಮ ಕಚೇರಿಯಲ್ಲೇ ಕೇಳಿ. ಅದೇ ಮನೆಗೆ ಮರಳಿದವರಿಗೆ 2020ರಲ್ಲಿ ವಿನಾಯಿತಿ ಕೊಟ್ಟಿದ್ದರೂ ಕೆಲವು ಪ್ರಾಂತ್ಯಗಳಲ್ಲಿ ಹೊಸ ರಸೀದಿ ಕೇಳುವುದು ನಿಂತಿಲ್ಲ.

ಪಾಸ್‌ಪೋರ್ಟ್ ವಿಷಯದಲ್ಲಿ ನನ್ನ ಸಲಹೆ ನಿಮಗೆ ವಿಚಿತ್ರವೆನಿಸಬಹುದು: ಈ 78 ದಿನದಲ್ಲಿ ಅದನ್ನು ನವೀಕರಿಸಬೇಡಿ. ಪಾಸ್‌ಪೋರ್ಟ್ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ಅನುಮತಿ ಕೊಡುತ್ತಾರೆ, ಹಾಗಾಗಿ ನಿಮಗೆ ಪೂರ್ತಿ ವರ್ಷ ಸಿಗುವುದಿಲ್ಲ, ನಿಜ. ಆದರೆ ಸಂಖ್ಯೆ ಬದಲಾದರೆ ಬ್ಯಾಂಕ್ ಪತ್ರ, ಟಿಎಂ-30, ಅಂಫೋದ ತಿದ್ದುಪಡಿ ಎಲ್ಲವೂ ಹಳೆಯ ಸಂಖ್ಯೆಯಲ್ಲೇ ಉಳಿಯುತ್ತವೆ, ಈಗ ಕಷ್ಟಪಟ್ಟು ಮಾಡಿಸುವ ತಾಳೆ ಮತ್ತೆ ತಪ್ಪುತ್ತದೆ. ಕೆಲವು ತಿಂಗಳ ನಷ್ಟ ಸಹಿಸಿಕೊಳ್ಳಿ. ಅನುಮತಿ ಬಿದ್ದ ಮೇಲೆ ನವೀಕರಿಸಿ, ಹಳೆಯದು ಹೊಸದು ಎರಡನ್ನೂ ಒಯ್ದು ಸೀಲ್‌ಗಳನ್ನು ವರ್ಗಾಯಿಸಿಕೊಳ್ಳಿ, ಬ್ಯಾಂಕಿಗೂ ತಿಳಿಸಿ. ಸರ್‌ನೇಮ್ ಜಾಗ ತುಂಬಿಸಬೇಕೆಂದರೂ ಆಗಲೇ ಮಾಡಿ.

ಏಜೆಂಟ್ ಹೇಳುವುದರಲ್ಲಿ ಸುಳ್ಳಿಲ್ಲದಿರಬಹುದು, ಸೀಲ್ ಬೀಳಲೂಬಹುದು. ಸಾಮಾನ್ಯವಾಗಿ ಇದು ನಡೆಯುವ ಬಗೆ ಹೀಗೆ: ಬೇರೆಯವರ ಹಣವನ್ನು ನಿಮ್ಮ ಹೆಸರಿಗೆ ತೋರಿಸುತ್ತಾರೆ, ನೀವು ವಾಸವಿಲ್ಲದ ಪ್ರಾಂತ್ಯದ ವಿಳಾಸ ಬರೆಯುತ್ತಾರೆ. ಮುಂದಿನ ವರ್ಷ ನಿಮ್ಮ ಊರಿನ ಅಧಿಕಾರಿ ಆ ಪುಟ ತೆರೆದಾಗ ಉತ್ತರ ಕೊಡಬೇಕಾದವರು ನೀವು. ಅನುಮತಿ ರದ್ದಾಗುವುದಷ್ಟೇ ಅಲ್ಲ, ಸುಳ್ಳು ದಾಖಲೆಯ ಮೊಕದ್ದಮೆಯೂ ಆಗಬಹುದು. ಸರದಿ ಹಿಡಿಯಲು, ಭಾಷಾಂತರ ಮಾಡಿಸಲು, ಫಾರಂ ತುಂಬಲು ಸಹಾಯಕರನ್ನು ಇಟ್ಟುಕೊಳ್ಳುವುದು ಬೇರೆ ಮಾತು, ಅದರಲ್ಲಿ ತಪ್ಪಿಲ್ಲ.

ಹಣ ಕಟ್ಟಿಹಾಕಲು ಇಷ್ಟವಿಲ್ಲದಿದ್ದರೆ ತಿಂಗಳಿಗೆ 40,000 ಬಾತ್ ಆದಾಯ ತೋರಿಸುವ ದಾರಿಯಿದೆ, ಈ ವರ್ಷ ಅದು ನಿಮಗಾಗದು. ಥಾಯ್ಲೆಂಡಿನಲ್ಲಿ ಸಂಬಳ ಇಲ್ಲದವರು ಹನ್ನೆರಡು ತಿಂಗಳು ಬಿಡದೆ ವಿದೇಶದಿಂದ ಅಷ್ಟು ಹಣ ಬಂದದ್ದನ್ನು ತೋರಿಸಬೇಕು, ಅದೂ ಬ್ಯಾಂಕ್ ದಾಖಲೆಯಲ್ಲಿ ವಿದೇಶಿ ವರ್ಗಾವಣೆ ಎಂದೇ ಕಾಣಬೇಕು. ಕೆಲವು ಆ್ಯಪ್‌ಗಳಿಂದ ಬಂದ ಹಣ ಸ್ಥಳೀಯ ವರ್ಗಾವಣೆಯಂತೆ ದಾಖಲಾಗುತ್ತದೆ. ಈ ತಿಂಗಳಿಂದಲೇ ಶುರುಮಾಡಿ ಪಾಸ್‌ಬುಕ್ ನೋಡುತ್ತಿದ್ದರೆ ಮುಂದಿನ ಸಲಕ್ಕೆ ಎರಡನೆಯ ದಾರಿಯೂ ತೆರೆದಿರುತ್ತದೆ. ಹೆಂಡತಿಯ ಆದಾಯ ಸೇರಿಸಲಾಗದು.

ಬೆಂಗಳೂರಿನ ಕೆಲಸದ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಮದುವೆಯ ಅನುಮತಿ ಕೆಲಸದ ಪರವಾನಗಿ ಅಲ್ಲ. ಹೊರದೇಶದ ಕಂಪನಿಗೆ ದೂರದಿಂದ ದುಡಿಯುವವರಿಗೆಂದೇ ಬಂದದ್ದು 2024ರ ಜುಲೈಯಲ್ಲಿ ಶುರುವಾದ ಡಿಟಿವಿ ವೀಸಾ. ಐದು ವರ್ಷ ಊರ್ಜಿತ, ಒಂದೊಂದು ಪ್ರವೇಶಕ್ಕೆ 180 ದಿನ, 5 ಲಕ್ಷ ಬಾತ್‌ನಷ್ಟು ಹಣ ತೋರಿಸಬೇಕು, ಥಾಯ್ಲೆಂಡಿನ ಹೊರಗಿದ್ದುಕೊಂಡೇ ಅರ್ಜಿ ಹಾಕಬೇಕು. ಮನೆ ಭೇಟಿ, ಕೋ ರೋ 2 ಯಾವುದೂ ಬೇಡ. ಕೊರತೆ ಎಂದರೆ ಮುಂದೆ ಶಾಶ್ವತ ವಾಸಕ್ಕೆ ಅರ್ಜಿ ಹಾಕುವ ಆಸೆ ಇದ್ದವರಿಗೆ ಸತತ ಮೂರು ವರ್ಷದ ವಾರ್ಷಿಕ ಅನುಮತಿಗಳು ಬೇಕು, ಡಿಟಿವಿಯಲ್ಲಿ ಕಳೆದ ವರ್ಷಗಳು ಅದಕ್ಕೆ ನೆರವಾಗುವುದಿಲ್ಲ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿದ್ದರೆ ಯಾವ ವೀಸಾ ಇದ್ದರೂ ತೆರಿಗೆಯ ಮಟ್ಟಿಗೆ ನೀವು ಅಲ್ಲಿನ ನಿವಾಸಿ. 2024ರ ಜನವರಿ 1ರ ನಂತರ ಗಳಿಸಿದ ಹೊರದೇಶದ ಆದಾಯವನ್ನು ಒಳಗೆ ತಂದರೆ ಅದು ತೆರಿಗೆಗೆ ಒಳಪಡುತ್ತದೆ. ಹಳೆಯ ಉಳಿತಾಯದಿಂದ 4 ಲಕ್ಷ ತಂದಿದ್ದರೆ ಅದರ ಹಳೆಯ ಬ್ಯಾಂಕ್ ವಿವರ ತೆಗೆದಿಟ್ಟುಕೊಳ್ಳಿ.

ಕೊನೆಗೆ ಅರ್ಜಿಯ ದಿನ. ಬೆಳಿಗ್ಗೆ ಮೊದಲು ಬ್ಯಾಂಕಿಗೆ ಹೋಗಿ 100 ಬಾತ್ ಜಮಾ ಮಾಡಿ ಪಾಸ್‌ಬುಕ್ ಬರೆಸಿ, ಇಮಿಗ್ರೇಷನ್‌ಗೆ ಬೇಕಾದ ಪತ್ರವನ್ನೂ ಅದೇ ದಿನದ ತಾರೀಖಿನಲ್ಲಿ ತೆಗೆದುಕೊಳ್ಳಿ. ಹಿಂದಿನ ದಿನದ ಪತ್ರ ಒಪ್ಪುವ ಕಚೇರಿಗಳಿವೆ, ನಂಬಿ ಕೂರಬೇಡಿ. ಫೋಟೋಗಳಲ್ಲಿ ಇಬ್ಬರೂ ಇರಬೇಕು: ಗೇಟಿನ ಮನೆ ಸಂಖ್ಯೆಯ ಮುಂದೆ, ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ. ಮನೆಗೆ ಬರುವ ದಾರಿಯ ನಕ್ಷೆಯಲ್ಲಿ ಹತ್ತಿರದ ದೇವಸ್ಥಾನವನ್ನೋ ಶಾಲೆಯನ್ನೋ ಗುರುತಿಸಿ. ಪರಿಚಯದ ನೆರೆಯವರನ್ನು ಸಾಕ್ಷಿಯಾಗಿ ಕೇಳಿದರೆ ಅವರ ಗುರುತಿನ ಚೀಟಿಯ ಪ್ರತಿ ಬೇಕಾಗುತ್ತದೆ. ಪ್ರತಿ ಹಾಳೆಗೂ ನೀಲಿ ಶಾಯಿಯಲ್ಲಿ ಸಹಿ ಹಾಕಿ, ಎರಡು ಕಟ್ಟು ಮಾಡಿಕೊಳ್ಳಿ. ಸಾಮಾನ್ಯವಾಗಿ ಅದೇ ದಿನ ವರ್ಷದ ಸೀಲ್ ಬೀಳುವುದಿಲ್ಲ. ಕಡತ ಮೇಲಿನ ಕಚೇರಿಗೆ ಹೋಗುತ್ತದೆ, ನಿಮಗೆ ಸುಮಾರು 30 ದಿನದ ‘ಪರಿಶೀಲನೆಯಲ್ಲಿದೆ’ ಎಂಬ ಸೀಲ್ ಹಾಕಿ ಕಳಿಸುತ್ತಾರೆ. ಆ ನಡುವೆ ಅಧಿಕಾರಿಗಳು ಮನೆಗೆ ಬರಬಹುದು, ಹಾಗಾಗಿ ಆಗ ಊರು ಬಿಡಬೇಡಿ, ಹಣವನ್ನೂ ಮುಟ್ಟಬೇಡಿ. ನಿವೃತ್ತಿ ಆಧಾರದ ಅನುಮತಿಯವರಂತೆ ವರ್ಷಪೂರ್ತಿ ಹಣ ಕಟ್ಟಿಡುವ ಷರತ್ತು ಮದುವೆಯವರಿಗಿಲ್ಲ, ಆದರೆ ಕೊನೆಯ ಸೀಲ್ ಬೀಳುವವರೆಗೆ ಪಾಸ್‌ಬುಕ್ ಮತ್ತೆ ಕೇಳಬಹುದು. ಹೇಳಿದ ದಿನ ಹೋದಾಗ ಕೌಂಟರ್ ಬಿಡುವ ಮುಂಚೆ ಸೀಲಿನ ತಾರೀಖನ್ನು ಪಾಸ್‌ಪೋರ್ಟ್ ಮುಗಿಯುವ ತಾರೀಖಿನ ಜೊತೆ ಹೋಲಿಸಿ ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಳ್ಳಿ.